ಪೆಟ್ಟಿಗೆಯ ಸುತ್ತ ನಿಂತವರು

ಇಗರ್ಜಿಯಲ್ಲಿ ಭಾನುವಾರದ ಕುರ್ಬಾನ, ಅಂದರೆ ಪೂಜೆ, ಅರ್ಧಕ್ಕೆ ಬಂದಿತ್ತು. ಗಂಡಸರ ಸಾಲಿನ ಹಿಂದೆ, ಕಂಬಕ್ಕೆ ಒತ್ತಿಕೊಂಡು ನಿಂತಿದ್ದ ಈಪ್ಪನ ಅಂಗಿಯ ಜೇಬಿನಲ್ಲಿ ಫೋನು ಮತ್ತೆ ಮತ್ತೆ ನಡುಗುತ್ತಿತ್ತು. ಒಂದು ನಡುಕ ಒಂದು ಓಟು ಇರಬಹುದು, ಯಾರೋ ಬರೆದ ಒಂದು ಮಾತೂ ಇರಬಹುದು. ಇಲ್ಲಿ ತೆಗೆದು ನೋಡುವಂತಿಲ್ಲ. ಫೋಟೋ ತಿದ್ದುವ ಹಿಂದಿನ ಸ್ಪರ್ಧೆಗಳಲ್ಲಿ ಅವನ ಚಿತ್ರ ಹೋದ ಭಾನುವಾರಗಳಂದು ಜೇಬು ನಾಲ್ಕಾರು ಸಲ ನಡುಗಿ ತಣ್ಣಗಾಗುತ್ತಿತ್ತು. ಇವತ್ತು ಬೆಳಗಿನಿಂದ ಬಿಟ್ಟೂಬಿಡದೆ ನಡುಗುತ್ತಿದೆ ಅಂದರೆ ಜನ ನೋಡುತ್ತಿದ್ದಾರೆ. ತೃಶ್ಶೂರಿನಲ್ಲೋ ದೋಹಾದಲ್ಲೋ ಕುಳಿತ, ಮುಖ ಕಂಡರಿಯದ ಜನ ತನ್ನ ಮುಖವನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡುತ್ತಿದ್ದಾರೆ. ಪಾದ್ರಿಗಳು ತೀರಿಹೋದವರ ಹೆಸರುಗಳನ್ನು ಓದುತ್ತ "ಕಳಪ್ಪುರ ಉತುಪ್ಪು" ಎಂದಾಗ ಹೆಂಗಸರ ಕಡೆಯಿಂದ ಅತ್ತೆ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಅದೇ ಹೊತ್ತಿಗೆ ಜೇಬೂ ನಡುಗಿತು. ಎಲ್ಲರೂ ಮೊಣಕಾಲೂರಿದ್ದರು, ಈಪ್ಪನ್ ಒಬ್ಬನೇ ನಿಂತಿದ್ದ. ತಟ್ಟನೆ ಕುಸಿದು ಕುಳಿತಾಗ ಏಲಿ ತಲೆಯ ಮೇಲಿನ ಸೆರಗಿನ ಸಂದಿಯಿಂದ ಈ ಕಡೆ ನೋಡಿದಳು. ಮದುವೆಯಾದಂದಿನಿಂದ ಅವಳು ನೋಡುತ್ತ ಬಂದಿರುವ ನೋಟವೇ ಅದು. ಸಿಟ್ಟಿಲ್ಲ, ಬೇಸರವೂ ಇಲ್ಲ. ಅಂಗಿಗೆ ಏನೋ ಅಂಟಿದೆ ಎಂದು ದೂರದಿಂದ ಸನ್ನೆ ಮಾಡುವವರ ನೋಟ.

ಈಪ್ಪನ್ ಕಳಪ್ಪುರ ಮನೆತನದ ಮನೆಯಳಿಯ. ಗಂಡು ಸಂತಾನವಿಲ್ಲದ ಆ ಮನೆಯವರು ಹಿರಿಮಗಳನ್ನು ಡಾಕ್ಟರ್ ಪೋತನ್‌ಗೆ ಕೊಟ್ಟು ಕಳಿಸಿದರು, ಕಿರಿಮಗಳು ಏಲಿಗೆ ಈಪ್ಪನನ್ನು ತಂದು ಇಟ್ಟುಕೊಂಡರು. ಮೀನು ಮಾರುವವನಿಂದ ಹಿಡಿದು ಪಾದ್ರಿಗಳವರೆಗೆ ಎಲ್ಲರಿಗೂ ಅವನು ಏಲಿಯ ಗಂಡ. ಮಾವ ಉತುಪ್ಪು, ಮನೆಯವರೆಲ್ಲ ಅಪ್ಪಚ್ಚನ್ ಎನ್ನುತ್ತಿದ್ದ ಆ ಮನುಷ್ಯ, ಅವನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಕೆಮ್ಮುತ್ತಿದ್ದ. ಕೆಮ್ಮಿದರೆ ಈಪ್ಪನ್ ಹೋಗಬೇಕು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಮೇಲೆ ಮೀಯಿಸುವುದು, ಮಗ್ಗುಲು ಬದಲಿಸುವುದು, ಹೇಲು ಉಚ್ಚೆ ಬಳಿಯುವುದು ಎಲ್ಲ ಈಪ್ಪನ ಪಾಲಿಗೇ ಬಂತು. ಆ ದೊಡ್ಡ ಮೈಯನ್ನು ಎತ್ತಲು ಹೆಂಗಸರ ಕೈಯಲ್ಲಿ ಆಗದು, ಪೋತನ್‌ಗೆ ಆಸ್ಪತ್ರೆ ಬಿಟ್ಟು ಬರಲು ಪುರುಸೊತ್ತಿಲ್ಲ. ಹಾಸಿಗೆಯ ಪಕ್ಕದ ಆ ಉದ್ದನೆಯ ಮಧ್ಯಾಹ್ನಗಳಲ್ಲೇ, ಪೋತನ್ ಬೇಡವೆಂದು ಬಿಟ್ಟುಹೋಗಿದ್ದ ಲ್ಯಾಪ್‌ಟಾಪಿನಲ್ಲಿ, ಅವನು ಫೋಟೋ ತಿದ್ದುವುದನ್ನು ಕಲಿಯಲು ಕುಳಿತದ್ದು. ಯಾರದೋ ಮೊಡವೆ ಅಳಿಸುವುದು, ಬೂದು ಆಕಾಶವನ್ನು ನೀಲಿ ಮಾಡುವುದು. ಕೈಯ ಕೆಳಗೆ ಏನೋ ಒಂದು ತನ್ನ ಮಾತು ಕೇಳುತ್ತಿದೆ ಎಂಬುದೇ ಅವನಿಗೆ ಹೊಸತು.

ಒಂದು ಮಧ್ಯಾಹ್ನ ಅಪ್ಪಚ್ಚನ್ ಕೆಮ್ಮಿದಾಗ ಅವನು ನೀರಿನ ಲೋಟ ಹಿಡಿದು ಹಾಸಿಗೆಯ ಪಕ್ಕಕ್ಕೆ ಹೋದ. ಮುದುಕನ ಸೊಟ್ಟ ಬಾಯಿ ಲೋಟದ ಕಡೆಗೆ ಚಾಚಿತು. ಈಪ್ಪನ್ ಲೋಟವನ್ನು ಒಂದು ಗೇಣು ಹಿಂದಕ್ಕೆಳೆದು, "ನನ್ನ ಹೆಸರೇನು ಹೇಳಿ ಅಪ್ಪಚ್ಚಾ" ಎಂದ. ತಮಾಷೆಗೆ ಎಂಬಂತೆಯೇ ಹೇಳಿದ್ದ. ಲೋಟವನ್ನು ಮಾತ್ರ ಮುಂದೆ ತರಲಿಲ್ಲ. ಮುದುಕನಿಗೆ ಮಾತು ಪೂರ್ತಿ ಬಿದ್ದುಹೋಗಿರಲಿಲ್ಲ, ಅಷ್ಟಿಷ್ಟು ಹೊರಡುತ್ತಿತ್ತು. ಅವನು ಈಪ್ಪನನ್ನು ಒಂದು ಗಳಿಗೆ ದಿಟ್ಟಿಸಿದ, ತುಟಿ ಬಿಗಿದ, ಮುಖವನ್ನು ಗೋಡೆಯ ಕಡೆ ಹೊರಳಿಸಿದ. ಆಮೇಲೆ ಈಪ್ಪನ್ ಬೇಡಿಕೊಂಡ, ಗದರಿಸಿದ, ಚಮಚದಲ್ಲಿ ಹಿಡಿದ. ಸಂಜೆ ಏಲಿ ಬಂದು ಕುಡಿಸುವವರೆಗೂ ಆ ಬಾಯಿ ತೆರೆಯಲಿಲ್ಲ. ಇದು ಯಾರಿಗೂ ತಿಳಿಯದು. ತಾನು ಮಾಡಿದ ತಪ್ಪಿಗಿಂತ ಆ ಮುದುಕನ ಹಟವೇ ಅವನನ್ನು ಹೆಚ್ಚು ಸುಡುತ್ತಿತ್ತು, ಹಾಗೆ ಸುಡುತ್ತಿದೆಯಲ್ಲ ಎಂಬುದಕ್ಕೆ ಇನ್ನೊಂದಿಷ್ಟು ನಾಚಿಕೆ. ಈಗ ಇಗರ್ಜಿಯಲ್ಲಿ ಮೊಣಕಾಲೂರಿದ್ದಲ್ಲೇ ಈಪ್ಪನ್ ಶಿಲುಬೆಯ ಗುರುತು ಮಾಡಿಕೊಂಡ. ಹಾಗೆಯೇ ಜೇಬನ್ನೂ ಒಮ್ಮೆ ಮುಟ್ಟಿ ನೋಡಿಕೊಂಡ.

ಫೋಟೋ ತಿದ್ದುವವರದೊಂದು ಗುಂಪನ್ನು ಅವನು ಫೋನಿನಲ್ಲಿ ಸೇರಿಕೊಂಡಿದ್ದ; ಚಿತ್ರಪ್ಪಣಿ, ಅಂದರೆ ಚಿತ್ರದ ಕೆಲಸ, ಎಂಬುದು ಅದರ ಹೆಸರು. ಅದನ್ನು ನಡೆಸುವವನನ್ನು ಎಲ್ಲರೂ ಆಶಾನ್ ಎನ್ನುತ್ತಾರೆ, ಗುರು ಅಂದಂತೆ. ಭಾನುವಾರಕ್ಕೊಂದು ಸ್ಪರ್ಧೆ, ಮಧ್ಯಾಹ್ನ ಓಟು ಮುಗಿದು ಆಶಾನ್ ತೀರ್ಪು ಹಾಕುತ್ತಾನೆ. ಈಪ್ಪನ ಮೊದಲ ಸ್ಪರ್ಧೆಯಲ್ಲಿ ಅಂಗಳದ ಫೋಟೋದಿಂದ ನಾಯಿಯನ್ನು ಅಳಿಸಬೇಕಿತ್ತು. ಅವನು ನಾಯಿಯನ್ನು ಕೂದಲೂ ಉಳಿಯದಂತೆ ಅಳಿಸಿ, ನೆಲದ ಮೇಲಿನ ಅದರ ನೆರಳನ್ನು ಮರೆತ. "ನಾಯಿ ಹೋಯ್ತು, ನೆರಳು ಕುರ್ಬಾನಕ್ಕೆ ಕಾಯ್ತಾ ನಿಂತಿದೆ" ಎಂದು ಯಾರೋ ಬರೆದರು. ಅಂದಿನಿಂದ ಅವನು ನೆರಳಚ್ಚಾಯನ್, ನೆರಳಣ್ಣ ಅಂದಂತೆ. ಬಾಕಿಯವರೆಲ್ಲ ಇಪ್ಪತ್ತರ ಆಸುಪಾಸಿನವರು. ಐವತ್ತು ದಾಟಿದ ಈ ಒಬ್ಬ ಹೊಸಬ ಅವರಿಗೆ ವಾರ ವಾರದ ಹಬ್ಬ. ಗುಂಪಿನಲ್ಲಿ ಇನ್ನೊಂದು ರೂಢಿಯಿತ್ತು. ತೀರ ಕೆಟ್ಟ ಚಿತ್ರವನ್ನು ಯಾರು ಬೇಕಾದರೂ ಎತ್ತಿಕೊಂಡು, ತಮ್ಮ ಕೈಚಳಕ ತೋರಿಸಿ, ಅದರ ಕೆಳಗೇ ತಂದು ನೇತುಹಾಕಬಹುದು. ಅದಕ್ಕೆ ಚಿಕಿತ್ಸೆ ಎಂದು ಹೆಸರು. ಈಪ್ಪನ ಚಿತ್ರಗಳಿಗೆ ಚಿಕಿತ್ಸೆ ತಪ್ಪಿದ್ದೇ ಇಲ್ಲ. ಆದರೂ ಅವನು ಬಿಡಲಿಲ್ಲ. ಇಲ್ಲಿ ಬೈಯುವವರು ಕಡೇಪಕ್ಷ ಅವನ ಹೆಸರು ಹೇಳಿ ಬೈಯುತ್ತಿದ್ದರು.

ಈ ವಾರದ ವಿಷಯ: ಫೋಟೋದಲ್ಲಿ ಇಲ್ಲದವರನ್ನು ಕರೆತನ್ನಿ. ಎಲ್ಲರೂ ಸತ್ತ ಅಪ್ಪಂದಿರನ್ನು ಮದುವೆಯ ಫೋಟೋಗಳಿಗೆ ಕರೆತರುತ್ತಾರೆಂದು ಈಪ್ಪನಿಗೆ ಗೊತ್ತಿತ್ತು. ಅವನ ಹತ್ತಿರ ಬೇರೆಯದೇ ಒಂದು ಫೋಟೋ ಇತ್ತು. ಅಪ್ಪಚ್ಚನ್ ತೀರಿದ ದಿನ ಅಂಗಳದ ಚಪ್ಪರದಲ್ಲಿ ಶವದ ಪೆಟ್ಟಿಗೆ ಇಟ್ಟು, ತಲೆಯ ಭಾಗವನ್ನು ತುಸು ಎತ್ತರಿಸಿ, ಮನೆಯವರೆಲ್ಲ ಮೂರು ಕಡೆಯಿಂದ ಸುತ್ತುವರಿದು ನಿಂತು ತೆಗೆಸಿಕೊಂಡದ್ದು. ಕುರ್ಚಿಯ ಮೇಲೆ ಹತ್ತಿ ನಿಂತ ಸ್ಟುಡಿಯೋದವನು, "ನನ್ನನ್ನ ನೋಡ್ಬೇಡಿ, ಎಲ್ಲ ಅಪ್ಪಚ್ಚನನ್ನ ನೋಡಿ" ಎಂದ. ಮೋಡ ಕವಿದು ಚಪ್ಪರದೊಳಗೆ ಕತ್ತಲು, ಅವನ ದೀಪ ಹಿಡಿಯಬೇಕಾಗಿದ್ದವನು ಬಂದಿರಲಿಲ್ಲ. ಪೆಟ್ಟಿಗೆಯ ತಲೆಯ ಹತ್ತಿರ ಹೋಗಿ ನಿಂತಿದ್ದ ಈಪ್ಪನ ಕಡೆ ಅಮ್ಮಚ್ಚಿ, ಅಂದರೆ ಅತ್ತೆ, ಕೈ ತೋರಿಸಿ, "ಈಪ್ಪನ್ ಹಿಡೀತಾನೆ" ಎಂದಳು. ಅಳುವಿನ ನಡುವೆಯೂ ಸ್ಪಷ್ಟವಾಗಿ ಹೇಳಿದಳು. ಅವನು ಹೋಗಿ ದೀಪ ಹಿಡಿದ. ಆ ಮೈಯನ್ನು ಅಷ್ಟು ವರ್ಷ ಎತ್ತಿ ಇಳಿಸಿದ ಕೈಗಳಲ್ಲಿ ದೀಪವೆತ್ತಿ, ಏಲಿಯ ಕೆನ್ನೆಯ ನೀರು, ಅಮ್ಮಚ್ಚಿಯ ಕರವಸ್ತ್ರ, ತಗ್ಗಿಸಿದ ಪೋತನ್‌ನ ಬೋಳುತಲೆ ಎಲ್ಲ ಹೊಳೆಯುವಂತೆ ಹಿಡಿದುಕೊಂಡು ನಿಂತ. ಫೋಟೋದಲ್ಲಿ ಮನೆಯವರೆಲ್ಲ ಇದ್ದಾರೆ. ನೆಲದ ಮೇಲೆ ಒಂದು ಕಪ್ಪು ವೈರು ಹರಿದು ಚೌಕಟ್ಟಿನ ಆಚೆ ಹೋಗಿದೆ. ಅದರ ತುದಿಯಲ್ಲಿ ಈಪ್ಪನ್.

ಅಪ್ಪಚ್ಚನ್ ತೀರಿ ವರ್ಷವಾಗುತ್ತ ಬಂದು, ಅವನ ಹೆಸರಿನ ವರ್ಷದ ಕುರ್ಬಾನ ಹತ್ತಿರವಾಗಿತ್ತು. ಆ ಫೋಟೋವನ್ನು ದೊಡ್ಡದು ಮಾಡಿಸಿ ಹಜಾರದಲ್ಲಿ ಹಾಕಬೇಕೆಂದು ಅಮ್ಮಚ್ಚಿಯ ಆಸೆ. ಸ್ಟುಡಿಯೋದವನ ಕಂಪ್ಯೂಟರು ಕರ್ಕಾಟಕ ತಿಂಗಳ ಮಳೆಯ ನೆರೆಯಲ್ಲಿ ಮುಳುಗಿ, ಒಳ್ಳೆಯ ಪ್ರತಿ ಅಂತ ಉಳಿದದ್ದು ಒಂದು ಪೆನ್‌ಡ್ರೈವಿನಲ್ಲಿ ಮಾತ್ರ. ಅದನ್ನು ಈಪ್ಪನ ಕೈಗಿಟ್ಟು, "ಆ ವೈರು ಅಸಹ್ಯವಾಗಿ ಕಾಣತ್ತೆ, ಅಳಿಸಿ ಕೊಡು. ಸೋಮವಾರ ಕಟ್ಟು ಹಾಕ್ಸೋಕೆ ಕಳಿಸ್ಬೇಕು" ಎಂದಿದ್ದಳು. ಈಪ್ಪನ್ ವೈರನ್ನು ಅಳಿಸಿದ. ಆಮೇಲೆ ಅವನಿಗೆ ಆ ಯೋಚನೆ ಬಂತು. ಪೆಟ್ಟಿಗೆಯ ತಲೆಯ ಹತ್ತಿರ, ಅಮ್ಮಚ್ಚಿಗೂ ಪೋತನ್‌ಗೂ ನಡುವೆ, ಅವನು ಬಿಟ್ಟುಬಂದ ಜಾಗ ಇನ್ನೂ ಹಾಗೇ ಇತ್ತು. ಅಲ್ಲಿ ನಿಲ್ಲುವುದು. ಸ್ಪರ್ಧೆಯಲ್ಲಿ ನಾಲ್ಕು ಜನ ಚೆನ್ನಾಗಿದೆ ಎಂದರೆ ಅದನ್ನೇ ಅಮ್ಮಚ್ಚಿಗೆ ತೋರಿಸುವುದು, ಅದೇ ಹಜಾರದ ಗೋಡೆಗೆ ಏರುವುದು. ಬಂದುಹೋಗುವವರೆಲ್ಲ ನೋಡುವಂತೆ ಕಳಪ್ಪುರದವರ ಮಧ್ಯೆ ತಾನೂ ಇರಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಆದರೆ ನಿಲ್ಲಿಸಲು ದುಃಖದ ಮುಖವೊಂದು ಬೇಕಲ್ಲ. ಅವನ ಫೋಟೋಗಳು ಇದ್ದದ್ದೇ ಕಡಿಮೆ, ಇದ್ದವುಗಳಲ್ಲೆಲ್ಲ ಯಾರದೋ ಮದುವೆಯಲ್ಲಿ ಬಡಿಸುತ್ತ ನಗುತ್ತಿದ್ದ. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಫೋನು ಹಿಡಿದ. ಕಣ್ಣು ತಗ್ಗಿಸಿ, ಅಲ್ಲಿ ಪೆಟ್ಟಿಗೆಯಿದೆ ಎಂದುಕೊಂಡ. ಅಳು ಬರಲಿಲ್ಲ. ಸತ್ತುಹೋದ ತನ್ನ ತಾಯಿಯನ್ನು ನೆನೆದ, ಆಗದೇ ಹೋದ ಮಕ್ಕಳನ್ನು ನೆನೆದ. ಗೋಡೆಯ ಕಡೆ ಹೊರಳಿದ ಆ ಮುಖ ಕಣ್ಣಮುಂದೆ ಬಂದು, ತುಟಿಯ ಒಂದು ಮೂಲೆ ತಾನಾಗಿ ಮೇಲಕ್ಕೆ ಹೋಯಿತು. ಹೊರಗಿನಿಂದ ಏಲಿ, "ಇಚ್ಚಾಯಾ, ಒಳಗೇ ಮಲಗಿಬಿಟ್ರಾ?" ಎಂದು ಕದ ತಟ್ಟಿದಳು. ಆ ಗಡಿಬಿಡಿಯಲ್ಲಿ ಸಿಕ್ಕಿದ್ದೇ ಮುಖವನ್ನು ಅವನು ಕತ್ತರಿಸಿ ಅಂಟಿಸಿ ಸ್ಪರ್ಧೆಗೆ ಕಳಿಸಿದ.

ಕುರ್ಬಾನ ಮುಗಿದು ಜನ ಮೆಟ್ಟಿಲಿಳಿಯುವಾಗ, ಪಾರಿಷ್ ಹಾಲಿನ ಹಿಂದೆ ಸೈಕಲ್ಲು ನಿಲ್ಲಿಸುವ ಮೂಲೆಗೆ ಹೋಗಿ ಫೋನು ತೆಗೆದ. ಅವನ ಚಿತ್ರದ ಕೆಳಗೆ ಮಾತಿನ ಸಂತೆಯೇ ನೆರೆದಿತ್ತು. ನೆರಳಚ್ಚಾಯನ್ ಬಂದ್ರು, ಎದ್ದು ನಿಲ್ರಪ್ಪಾ. ತಲೆ ಹತ್ರ ನಿಂತಿರೋದು ಯಾರು, ವಿಮೆ ಏಜೆಂಟಾ? ಎಲ್ಲರಿಗೂ ಬೆಳಕು ಎಡಗಡೆಯಿಂದ, ಇವರೊಬ್ಬರಿಗೆ ಬೇರೆ ಸೂರ್ಯ. ನಗ್ತಾ ಇದಾರೆ ನೋಡಿ, ಆಸ್ತಿ ಕೈಗೆ ಬಂದಿರ್ಬೇಕು. ಅವನು ಓದುತ್ತ ಹೋದ. ಕಿವಿ ಬಿಸಿಯಾಯಿತು, ಆದರೆ ಕೈ ನಿಲ್ಲಲಿಲ್ಲ. ಹುಣ್ಣನ್ನು ಒತ್ತಿ ನೋಡುವವರ ಹಾಗೆ ಓದಿದ್ದನ್ನೇ ಓದಿದ. ಆಶಾನ್ ಕೂಡ ಬರೆದಿದ್ದ: "ಈಪ್ಪನ್ ಅಚ್ಚಾಯಾ, ಇಲ್ಲದವರನ್ನ ಕರ್ಕೊಂಡು ಬನ್ನಿ ಅಂದಿದ್ದೆ. ನೀವು ಕರೆಯದವರನ್ನ ಕರ್ಕೊಂಡು ಬಂದಿದೀರಿ." ಅದಕ್ಕೆ ನೂರಾರು ನಗುಮುಖಗಳು. ಅದರ ಕೆಳಗೆ ಚಿಕಿತ್ಸೆ. ಬ್ಲೇಡ್ ಎಂದು ಹೆಸರಿಟ್ಟುಕೊಂಡ ಯಾವನೋ ಮಾಡಿದ್ದು. "ಜಾಗ ತಪ್ಪಿತ್ತು ಅಷ್ಟೆ, ಸರಿ ಮಾಡಿದೀನಿ" ಎಂದು ಬರೆದಿದ್ದ.

ಬ್ಲೇಡ್ ಅವನನ್ನು ಪೆಟ್ಟಿಗೆಯೊಳಗೆ ಮಲಗಿಸಿದ್ದ. ಅಪ್ಪಚ್ಚನ್ ಇರಲಿಲ್ಲ; ಹೆಣಕ್ಕೆ ತೊಡಿಸಿದ್ದ ಬಿಳಿ ಕೈಗವಸು, ಹೂವಿನ ಕಿರೀಟ, ಎದೆಯ ಮೇಲಿನ ಶಿಲುಬೆ ಎಲ್ಲ ಈಪ್ಪನ ಪಾಲಾಗಿತ್ತು. ಮುಖವನ್ನು ಮಗುಚಿ ಇಟ್ಟಿದ್ದರಿಂದ ಬೆಳಕು ಬೀಳಬೇಕಾದಲ್ಲೇ ಬಿದ್ದಿತ್ತು. ತಗ್ಗಿಸಿದ ಕಣ್ಣು ಮುಚ್ಚಿದ ಕಣ್ಣಿನಂತೆ ಕಾಣುತ್ತಿತ್ತು, ತುಟಿಯ ಮೂಲೆಯ ಆ ಕೊಂಕು ಸತ್ತವರ ಮುಖದಲ್ಲಿ ಕೆಲವೊಮ್ಮೆ ಇರುವ ಶಾಂತಿಯಾಗಿತ್ತು. ಈಪ್ಪನ್ ಅದನ್ನು ಬಹಳ ಹೊತ್ತು ನೋಡಿದ. ಸಿಟ್ಟು ಬರುತ್ತದೆಂದು ಕಾದ, ಬರಲಿಲ್ಲ. ಏಲಿ ಬಾಯಿ ಬಿಟ್ಟು ಅಳುತ್ತಿದ್ದಳು. ಅವಳು ಹಾಗೆ ಅತ್ತದ್ದನ್ನು ಅವನು ಕಂಡಿದ್ದೇ ಆ ದಿನ, ಈಗ ಅವಳು ಅವನನ್ನೇ ನೋಡಿ ಅಳುತ್ತಿದ್ದಳು. ಅಮ್ಮಚ್ಚಿ ಅವನ ಹಣೆಯ ಕಡೆ ಕೈ ಚಾಚಿದ್ದಳು. ಒಂದು ದಿನವೂ ಅವನ ಕೈ ಕುಲುಕದ ಪೋತನ್, ಅವನ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಬಚ್ಚಲಿನಲ್ಲಿ ಎಷ್ಟು ಹಿಂಡಿದರೂ ಬಾರದಿದ್ದ ಅಳು, ಸೈಕಲ್ಲುಗಳ ನಡುವೆ, ಆ ನಡು ಹಗಲಿನಲ್ಲಿ ಬಂತು. ಅವನು ಆ ಚಿತ್ರವನ್ನು ಫೋನಿಗೆ ಇಳಿಸಿಕೊಂಡ. ಆಮೇಲೆ ಅದಕ್ಕೇ ತನ್ನ ಓಟನ್ನೂ ಒತ್ತಿದ. ಮರುಕ್ಷಣವೇ ಯಾರೋ ಬರೆದರು: "ಅಚ್ಚಾಯನ್ ತಾನೇ ಒಪ್ಕೊಂಡ್ರು. ಇನ್ನು ಮಣ್ಣು ಮಾಡ್ಬಹುದು."

ಊಟಕ್ಕೆ ಪೋತನ್ ಮತ್ತು ಏಲಿಯ ಅಕ್ಕ ಬಂದಿದ್ದರು. ಕರಿಮೀನು ಹುರಿದ ಪರಿಮಳ ಹಜಾರದ ತನಕ ಬರುತ್ತಿತ್ತು. ಏಲಿ ಮರಗೆಣಸಿನ ತಟ್ಟೆಯನ್ನು ಮೊದಲು ಪೋತನ್ ಮುಂದೆ ಇಟ್ಟಳು, ದೊಡ್ಡ ಮೀನೂ ಅವನ ತಟ್ಟೆಗೇ ಬಿತ್ತು. ಅದು ರೂಢಿ, ಈಪ್ಪನ್ ಯಾವತ್ತೂ ಮನಸ್ಸಿಗೆ ಹಚ್ಚಿಕೊಂಡವನಲ್ಲ ಎಂದು ಎಲ್ಲರೂ ತಿಳಿದಿದ್ದರು. ಬ್ಲೇಡ್‌ನ ಚಿಕಿತ್ಸೆಗೆ ಈ ವಾರದ ಮೊದಲ ಬಹುಮಾನವೆಂದು ಆಶಾನ್ ಆಗಲೇ ಸಾರಿಬಿಟ್ಟಿದ್ದ. ಪೋತನ್ ಬಾಯಿಂದ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟು, ಎಡಗೈಯಲ್ಲಿ ಫೋನು ಎತ್ತಿದ.

"ಲೋ ಈಪ್ಪಾ, ನೀನು ಯಾವಾಗ ತೀರ್ಕೊಂಡೆ? ನಮಗೊಂದು ಮಾತು ಹೇಳಲೇ ಇಲ್ವಲ್ಲ."

ಇಗರ್ಜಿಯ ಹುಡುಗರ ಗುಂಪಿಗೆ ಬ್ಲೇಡ್‌ನ ಚಿತ್ರ ಬಂದಿತ್ತಂತೆ, ಅಲ್ಲಿಂದ ಪೋತನ್‌ನ ಆಸ್ಪತ್ರೆಯ ಕಾಂಪೌಂಡರಿಗೆ, ಅವನಿಂದ ಇವನಿಗೆ. ಏಲಿಯ ಅಕ್ಕ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗು ತಡೆಯಲೋ ಗಾಬರಿಗೋ ತಿಳಿಯಲಿಲ್ಲ. ಏಲಿ ಬಡಿಸುವ ಸೌಟು ಹಿಡಿದೇ ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಏನು ಮೂಡುತ್ತದೆಂದು ಈಪ್ಪನ್ ಕಾದ. ಏನೂ ಮೂಡಲಿಲ್ಲ, ಮತ್ತೆ ಆ ಅಂಗಿಗೆ ಅಂಟಿದ್ದನ್ನು ನೋಡುವ ನೋಟ. ಅಮ್ಮಚ್ಚಿ ಕನ್ನಡಕ ತರಿಸಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿದಳು. ಬದುಕಿರುವವನನ್ನು ಹೀಗೆ ಮಲಗಿಸುವುದುಂಟೆ, ಬಿಡ್ತು ಅನ್ನಿ ಎಂದು ಯಾರಾದರೂ ಒಬ್ಬರು ಹೇಳುತ್ತಾರೆಂದು ಅವನು ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದ.

"ಅಪ್ಪಚ್ಚನ್ ಎಲ್ಲಿ?" ಎಂದಳು ಅಮ್ಮಚ್ಚಿ. "ಅಪ್ಪಚ್ಚನನ್ನ ಎಲ್ಲಿ ತೆಗೆದು ಹಾಕಿದೀಯ?"

"ನಾನು ಮಾಡಿದ್ದಲ್ಲ ಅಮ್ಮಚ್ಚಿ. ಬೇರೆ ಯಾರೋ."

"ಫೋಟೋ ಕೊಟ್ಟೋನು ನೀನಲ್ವಾ? ವೈರು ಅಳಿಸು ಅಂದ್ರೆ ಮನುಷ್ಯನನ್ನೇ ಅಳಿಸ್ತಾರಾ? ಆ ಪೆನ್‌ಡ್ರೈವ್ ತಂದು ಪೋತನ್ ಕೈಗೆ ಕೊಡು."

ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೇ ತೆರೆದರು. ಪೆನ್‌ಡ್ರೈವಿನಲ್ಲಿ ಇದ್ದದ್ದು ಒಂದೇ ಫೋಟೋ. ಅಪ್ಪಚ್ಚನ್ ಪೆಟ್ಟಿಗೆಯಲ್ಲೇ ಇದ್ದ; ಆದರೆ ತಲೆಯ ಹತ್ತಿರ ಈಪ್ಪನ್ ನಿಂತಿದ್ದ, ಬೇರೆ ಸೂರ್ಯನ ಬೆಳಕಿನಲ್ಲಿ, ತುಟಿ ಕೊಂಕಿಸಿಕೊಂಡು. ಈಪ್ಪನಿಗೆ ಆಗ ಹೊಳೆಯಿತು. ಪ್ರತಿ ಮಾಡಿಕೊಂಡು ಕೆಲಸ ಮಾಡಬೇಕೆಂಬುದು ಮೊದಲ ಪಾಠ, ಅದನ್ನೇ ಮರೆತು ಅವನು ಅಸಲಿನ ಮೇಲೇ ಉಳಿಸಿಬಿಟ್ಟಿದ್ದ. ಹಳೆಯದು ಇನ್ನೆಲ್ಲೂ ಇರಲಿಲ್ಲ.

"ಹಳೇದು ಎಲ್ಲಿ?" ಪೋತನ್ ಕೇಳಿದ.

"ಇದೇ. ಇಷ್ಟೇ ಇರೋದು."

"ಅಂದ್ರೆ? ನಿನ್ನನ್ನ ತೆಗೆಯೋಕೆ ಬರಲ್ವಾ?"

ಮೇಜಿನ ಸುತ್ತ ಎಲ್ಲರೂ ಅವನ ಕಡೆ ತಿರುಗಿದರು. ಇಷ್ಟು ವರ್ಷಗಳಲ್ಲಿ ಈ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಅವನ ಮಾತಿಗೆ ಕಾದು ಕುಳಿತದ್ದು ಅದೇ ಮೊದಲು. ಬರುವುದಿಲ್ಲ ಅಂದರೆ ಮುಗಿಯಿತು. ಅಂಟಿಬಿಟ್ಟಿದೆ, ತೆಗೆದರೆ ಅಪ್ಪಚ್ಚನೂ ಹಾಳಾಗುತ್ತಾನೆ ಎಂದರೆ ಇವರಲ್ಲಿ ಯಾರಿಗೆ ತಿಳಿಯುತ್ತದೆ? ವರ್ಷದ ಕುರ್ಬಾನಕ್ಕೆ ಬೇರೆ ದಾರಿಯಿಲ್ಲದೆ ಇದನ್ನೇ ಕಟ್ಟು ಹಾಕಿಸುತ್ತಾರೆ. ಕೊಂಕು ನಗುವಿರಲಿ, ಬೆಳಕು ಎಲ್ಲಿಂದಾದರೂ ಬೀಳಲಿ, ಕಳಪ್ಪುರದ ಹಜಾರದಲ್ಲಿ ಅವನು ನಿಲ್ಲುತ್ತಾನೆ, ಅವನು ಸತ್ತ ಮೇಲೂ ನಿಲ್ಲುತ್ತಾನೆ. ನಾಲಗೆಯ ತುದಿಗೆ ಬಂದ ಆ ಸುಳ್ಳು ಮೀನಿನ ಹುಳಿಯಷ್ಟೇ ರುಚಿಯಾಗಿತ್ತು. "ಅದೂ..." ಎಂದು ಅವನು ಶುರುಮಾಡಿದ.

"ಬರಲ್ಲ ಅನ್ಸತ್ತೆ," ಎಂದ ಪೋತನ್. "ಇವನ ಕೈಲಿ ಎಲ್ಲಾಗತ್ತೆ. ಕೋಟಯಂನಲ್ಲಿ ಗೊತ್ತಿರೋರೊಬ್ಬರು ಇದಾರೆ, ಅವರಿಗೆ ಕೊಡೋಣ."

ಏಲಿ ಸೌಟನ್ನು ಪಾತ್ರೆಯಲ್ಲಿಟ್ಟು ಅವನ ಹೆಗಲ ಮೇಲೆ ಕೈ ಇಟ್ಟಳು. ಯಾರೆದುರಿಗೂ ಅವಳು ಹಾಗೆ ಮುಟ್ಟಿದವಳಲ್ಲ.

"ಇವರಿಗೆ ಬರತ್ತೆ ಬಿಡಿ," ಎಂದಳು. "ಹಗಲೆಲ್ಲ ಅದನ್ನೇ ಮಾಡ್ತಿರ್ತಾರೆ. ಕೋಟಯಂನವರು ಯಾಕೆ? ಇವರೇ ಚೆನ್ನಾಗಿ ಮಾಡ್ತಾರೆ. ಮಾಡ್ತೀರಲ್ವಾ ಇಚ್ಚಾಯಾ?"

"ಬರತ್ತೆ," ಎಂದುಬಿಟ್ಟ ಈಪ್ಪನ್.

ಊಟದ ನಂತರ ಪೋತನ್ ಚಾವಡಿಯ ಆರಾಮಕುರ್ಚಿಯಲ್ಲಿ ನಿದ್ದೆಹೋದ, ಹೆಂಗಸರು ಒಳಗೆ ಮಾತಾಡುತ್ತಿದ್ದರು. ಈಪ್ಪನ್ ಮೇಜಿನ ಮೂಲೆಯಲ್ಲಿ ಕುಳಿತು ಕೆಲಸ ಶುರುಮಾಡಿದ. ಮೊದಲು ತನ್ನನ್ನು ತೆಗೆಯತೊಡಗಿದ. ಕೊರಳಿನಿಂದ ಮೇಲೆ ತೆಗೆಯುವಾಗ, ತಾನೇ ತನ್ನ ಗದ್ದ ಹಿಡಿದು ಕ್ಷೌರ ಮಾಡಿದ ಹಾಗೆ ಅನ್ನಿಸಿತು. ಆಮೇಲೆ ಅದು ಯಾರ ಮುಖ ಎಂಬುದು ಮರೆತೇಹೋಯಿತು. ಅವನ ಹಿಂದೆ ಮುಚ್ಚಿಹೋಗಿದ್ದ ಚಪ್ಪರದ ಬಿಳಿ ಬಟ್ಟೆಯ ನೆರಿಗೆಗಳನ್ನು ಒಂದೊಂದಾಗಿ ಮತ್ತೆ ಹುಟ್ಟಿಸಬೇಕಿತ್ತು. ಒಂದು ನೆರಿಗೆ ಇನ್ನೊಂದರ ನಕಲಿನಂತೆ ಕಂಡರೆ ಜನ ಹಿಡಿದುಬಿಡುತ್ತಾರೆ. ಪೋತನ್‌ನ ಅರ್ಧ ಹೆಗಲು ಇವನ ಕೈಯ ಹಿಂದೆ ಸೇರಿಹೋಗಿತ್ತು, ಅವನ ಇನ್ನೊಂದು ಹೆಗಲನ್ನು ಮಗುಚಿ, ಸ್ವಲ್ಪ ಇಳಿಸಿ, ಬಟ್ಟೆಯ ಮಡಿಕೆ ಕೂಡಿಸಿ ಇಟ್ಟ. ಬೆಳಕು ಎಲ್ಲಿಂದ ಬಿದ್ದಿತ್ತು, ಎಷ್ಟು ಬಿದ್ದಿತ್ತು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಸಲವೂ ಗುಂಪನ್ನು ತೆರೆದು ನೋಡಬೇಕೆನಿಸಲಿಲ್ಲ. ಕೊನೆಗೆ ಕೈ ಎತ್ತಿದಾಗ ಅಂಗಳದ ಬಿಸಿಲು ಆರಿ, ಏಲಿ ಚಹಾ ಇಟ್ಟು ಹೋದದ್ದು ಕೆನೆಗಟ್ಟಿತ್ತು.

ಅವನು ಎಲ್ಲರನ್ನೂ ಕರೆದ. ಅಮ್ಮಚ್ಚಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಅಪ್ಪಚ್ಚನ ಮುಖದ ಮೇಲೆ ಬೆರಳಿಟ್ಟು ಆ ಬೆರಳಿಗೆ ಮುತ್ತಿಟ್ಟುಕೊಂಡಳು. "ಹಾಂ, ಈಗ ಸರಿಯಾಯ್ತು" ಎಂದಳು. ಪೋತನ್ ಬಗ್ಗಿ ತನ್ನ ಹೆಗಲನ್ನೇ ಪರೀಕ್ಷಿಸಿ, "ಪರ್ವಾಗಿಲ್ವೋ" ಎಂದ. ಅಂಥ ಮಾತು ಅವನ ಬಾಯಿಂದ ಈಪ್ಪನ್ ಎಂದೂ ಕೇಳಿರಲಿಲ್ಲ. ಏಲಿ ಪರದೆಗೆ ಮುಖ ತೀರ ಹತ್ತಿರ ತಂದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹುಡುಕಿದಳು.

"ನೀವಿದ್ರಿ ಅಂತ ಆಣೆ ಮಾಡಿ ಹೇಳಿದ್ರೂ ಯಾರೂ ನಂಬಲ್ಲ," ಎಂದಳು. ಅವಳ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು.

"ಎಲ್ಲಿದ್ದೆ, ಹೇಳು ನೋಡೋಣ," ಎಂದ ಈಪ್ಪನ್.

ಏಲಿ ತನ್ನ ಅಕ್ಕನ ಪಕ್ಕದಲ್ಲಿ, ಪೆಟ್ಟಿಗೆಯ ಕಾಲಿನ ಕಡೆ ಬೆರಳಿಟ್ಟು, "ಇಲ್ಲಿ ತಾನೆ?" ಎಂದಳು. ಅಳಿಸಿದ ಗುರುತು ಅವಳ ಕಣ್ಣಿಗೂ ಸಿಗಲಿಲ್ಲವೆಂದು ಈಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ಸರಿಯಾದ ಜಾಗ ಯಾವುದೆಂದು ಅವನು ಹೇಳಲೇ ಇಲ್ಲ.